ಗಾಳಿಗೆ ಬಂದ ಕ್ಷಯ

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಡೆಮಾನ್‌ಸ್ಟ್ರೇಟರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ದಶಾಂಶ. ಯಾವ ಸಂಖ್ಯೆಯನ್ನೂ ಅವನು ಬಿಂದು ಹಾಕದೆ ಬಾಯಿಂದ ಹೊರಗೆ ಬಿಟ್ಟವನಲ್ಲ. ಕ್ಯಾಂಟೀನಿನಲ್ಲಿ ಸಕ್ಕರೆ ಎಷ್ಟು ಎಂದು ಕೇಳಿದರೆ, "ಒಂದು ಪಾಯಿಂಟ್ ಐದು ಚಮಚ, ಕಾಲು ಚಮಚ ಆಚೀಚೆ ಆದ್ರೆ ನಡೆಯುತ್ತೆ" ಎನ್ನುವನು. ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ ಇಪ್ಪತ್ತೆರಡು ಪಾಯಿಂಟ್ ಏಳು. "ಆ ಪಾಯಿಂಟ್ ಏಳೇ ಹೊರೋಕೆ ಕಷ್ಟ ಆಗಿದ್ದು" ಎಂದು ಹೆಂಡತಿ ಒಳಗಿನಿಂದ ಸೇರಿಸುವಳು. ಅಡ್ಡಹೆಸರು ಅವನ ಕಿವಿಗೂ ಬಿದ್ದಿತ್ತು. "ಪೂರ್ಣಾಂಕ ಆಗೋ ಯೋಗ ಇಲ್ಲದವನಿಗೆ ದಶಾಂಶದ ಪಟ್ಟವಾದರೂ ಸಿಕ್ತಲ್ಲ" ಎಂದು ತಾನೇ ನಗುತ್ತಿದ್ದ.

ಇಪ್ಪತ್ತಾರು ವರ್ಷಗಳಿಂದ ಅವನು ಬೇರೆಯವರ ಪ್ರಯೋಗಗಳಿಗೆ ತಂತಿ ಜೋಡಿಸಿದ್ದ, ಸ್ಕ್ರೂ ಬಿಗಿದಿದ್ದ, ಅಂಕಿ ಬರೆದುಕೊಟ್ಟಿದ್ದ. ಆ ಅಂಕಿಗಳೆಲ್ಲ ಅಚ್ಚಾದವು. ಅವನ ಹೆಸರು ಮಾತ್ರ ಒಂದು ಸಲವೂ ಅಚ್ಚಾಗಲಿಲ್ಲ. ಕೊನೆಯ ಪುಟದ ಕೃತಜ್ಞತೆಯಲ್ಲಿ ವಿದ್ಯುತ್ ಇಲಾಖೆಗೂ ಜಾಗವಿತ್ತು, ಅವನಿಗೆ ಇರಲಿಲ್ಲ.

ಹೀಗಿರುವಾಗ ವಿಭಾಗದ ಮುಖ್ಯಸ್ಥರು ರೇಡಾನ್ ಸಮೀಕ್ಷೆ ಹಿಡಿದರು. ರೇಡಾನ್ ಎಂದರೆ ನೆಲದೊಳಗಿನ ಕಲ್ಲುಮಣ್ಣಿನಿಂದ ಏಳುವ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಲ್ಲಿ ನುಸುಳಿ ಮನೆಯೊಳಗೆ ಬರುತ್ತದೆ, ಬಂದಮೇಲೆ ತನ್ನಷ್ಟಕ್ಕೆ ಒಡೆದು ಬೇರೆ ಬೇರೆ ಕಣಗಳಾಗುತ್ತದೆ. ಆ ಕಣಗಳು ಧೂಳಿಗೆ ಅಂಟಿಕೊಂಡು ಉಸಿರಿನ ಜೊತೆ ಎದೆಯೊಳಗೆ ಇಳಿಯುತ್ತವೆ. ಅಳೆಯಬೇಕಾದದ್ದು ಈ ಕಣಗಳನ್ನು. ಅದಕ್ಕೊಂದು ಯಂತ್ರ ಎರವಲು ಬಂದಿತ್ತು: ಗಾಳಿ ಎಳೆಯುವ ಪಂಪು, ನಾಣ್ಯದಷ್ಟು ಅಗಲದ ಫಿಲ್ಟರ್ ಕಾಗದ, ಕಾಗದದ ಮೇಲೆ ಕೂತ ಕಣಗಳನ್ನು ಎಣಿಸುವ ಪೆಟ್ಟಿಗೆ.

"ಮೂವತ್ತು ಮನೆ ಮುಗಿಸಪ್ಪ," ಎಂದಿದ್ದರು ಮುಖ್ಯಸ್ಥರು. "ವರದಿಯಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು. ಆದ್ರೆ ಇಪ್ಪತ್ತೊಂಬತ್ತಾದ್ರೆ ವರದಿಯೂ ಇಲ್ಲ, ಹೆಸರೂ ಇಲ್ಲ. ಮೂವತ್ತು ಅಂತ ಮೇಲಿನವರಿಗೆ ಬರ್ದುಕೊಟ್ಟಿದೀನಿ."

ಎರಡು ವರ್ಷದಲ್ಲಿ ಇಪ್ಪತ್ತೊಂಬತ್ತು ಮನೆ ಮುಗಿಯಿತು. ಮೂವತ್ತನೆಯ ಮನೆಯವರು ಹಿಂದಿನ ವಾರ ಮನೆ ಖಾಲಿ ಮಾಡಿ ಬೀಗ ಹಾಕಿಕೊಂಡು ಹೋದರು. ಯಂತ್ರ ಸೋಮವಾರ ಬೆಳಿಗ್ಗೆ ಹತ್ತಕ್ಕೆ ವಾಪಸ್ಸು ಹೋಗಬೇಕು. ದಶಾಂಶ ಶುಕ್ರವಾರ ಸಂಜೆ ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ತನ್ನ ಮನೆಗೇ ಬಂದ. ನೆಲಮಹಡಿಯ ಮನೆ, ಹಿಂದಿನ ಕೋಣೆಯ ನೆಲದಲ್ಲಿ ಬೇಕಾದಷ್ಟು ಬಿರುಕು. ಆ ಕೋಣೆಯಲ್ಲೇ ಹೆಂಡತಿ ದಿನವಿಡೀ ಬಟ್ಟೆ ಹೊಲಿಯುತ್ತಿದ್ದಳು.

"ಹನ್ನೆರಡು ಗಂಟೆ ಬಾಗಿಲು, ಕಿಟಕಿ ಎಲ್ಲಾ ಮುಚ್ಚಿರಬೇಕು," ಎಂದು ನಿಯಮ ಓದಿದ. "ಫ್ಯಾನ್ ಇಲ್ಲ. ಒಲೆ ಇಲ್ಲ. ಮಧ್ಯ ಯಾರಾದ್ರೂ ತೆಗೆದ್ರೆ ಮತ್ತೆ ಸೊನ್ನೆಯಿಂದ ಹನ್ನೆರಡು."

"ಕಿಟಕಿ ತೆಗೆದಿಟ್ರೆ ನಿಮ್ಮ ರೇಡಾನೋ ಗೀಡಾನೋ ಹೊರಗೆ ಹೋಗುತ್ತಲ್ವಾ?"

"ಹೋಗುತ್ತೆ. ಹೋಗಬಾರದು! ಅಳೀಬೇಕು."

"ಅಳೆದು?"

"ಹೊರಗೆ ಕಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕು."

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ, "ಕಿಟಕಿ ತೆಗೆದಿಡೋದು ಒಳ್ಳೇದು. ನಾನು ಹೇಳಿದ್ದು ನೆನಪಿರಲಿ" ಎಂದಳು.

ಇಲ್ಲಿಗೆ ಎಲ್ಲವೂ ಸರಿಯಾಗಿತ್ತು. ಕೆಟ್ಟದ್ದು ಒಂದು ಹಾಳೆಯಿಂದ. ಹಿಂದಿನ ಇಪ್ಪತ್ತೊಂಬತ್ತು ಮನೆಗಳ ಬಾಗಿಲಿಗೂ ಮುಖ್ಯಸ್ಥರು ಬರೆದ ಇಂಗ್ಲಿಷ್ ನೋಟೀಸನ್ನೇ ಅಂಟಿಸಿದ್ದ. ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಎಲ್ಲೂ ತೊಂದರೆಯಾಗಿರಲಿಲ್ಲ. ಆದರೆ ಇದು ಸ್ವಂತ ಮನೆ, ಸ್ವಂತ ಬಾಗಿಲು. ವಿಜ್ಞಾನವನ್ನು ಜನರ ಮಾತಿನಲ್ಲಿ ಹೇಳಬಲ್ಲವರು ಈ ಬೀದಿಯಲ್ಲೂ ಒಬ್ಬರಿದ್ದಾರೆ ಎಂದು ಬೀದಿಗೆ ಗೊತ್ತಾಗಲಿ ಎಂಬ ಸಣ್ಣದೊಂದು ಹಮ್ಮು ಅವನಿಗೆ ಬಂತು. ಪಾರಿಭಾಷಿಕ ಪದಕೋಶ ತೆಗೆದ. ಎರಡು ಗಂಟೆ ತಿದ್ದಿ ತೀಡಿ, ದಪ್ಪ ಅಕ್ಷರದಲ್ಲಿ ಬರೆದು, ಶನಿವಾರ ಬೆಳಿಗ್ಗೆ ಏಳಕ್ಕೆ ಬಾಗಿಲ ಹೊರಮೈಗೆ ಅಂಟಿಸಿ ಒಳಗಿನಿಂದ ಚಿಲಕ ಹಾಕಿಕೊಂಡ.

"ಎಚ್ಚರಿಕೆ. ಈ ಮನೆಯ ಗಾಳಿಯಲ್ಲಿ ಕ್ಷಯದ ಅಳತೆ ನಡೆಯುತ್ತಿದೆ. ಅರ್ಧಾಯುಷ್ಯ ಮೂರು ದಿನ ಇಪ್ಪತ್ತು ಗಂಟೆ. ಸಂತತಿ ಅಲ್ಪಾಯುಷಿ. ಬಾಗಿಲು ತೆರೆಯಬೇಡಿ."

ಇದರಲ್ಲಿ ಒಂದು ಸುಳ್ಳೂ ಇಲ್ಲ. ಪರಮಾಣು ತಾನಾಗಿ ಒಡೆದು ಸವೆಯುವುದಕ್ಕೆ ಪದಕೋಶದಲ್ಲಿ ಕ್ಷಯ ಎಂದೇ ಇದೆ. ಅದರಲ್ಲಿ ಅರ್ಧ ಸವೆಯಲು ಬೇಕಾದ ಕಾಲವೇ ಅರ್ಧಾಯುಷ್ಯ, ರೇಡಾನಿಗೆ ಅದು ಮೂರು ದಿನ ಇಪ್ಪತ್ತು ಗಂಟೆ. ಒಡೆದು ಹುಟ್ಟುವ ಕಣಗಳು ಸಂತತಿ. ಅವು ನಿಮಿಷಗಳಲ್ಲೇ ಮುಗಿದುಹೋಗುವುದರಿಂದ ಅಲ್ಪಾಯುಷಿ. "ವಿಕಿರಣ" ಎಂದು ಕ್ಷಯಕ್ಕೆ ಮೊದಲು ಒಂದು ಪದ ಸೇರಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಸೇರಿಸಿದ್ದ ಕೂಡ. ಆದರೆ ಅಕ್ಷರ ದಪ್ಪವಾಗಿ ಹಾಳೆಯಲ್ಲಿ ಜಾಗ ಸಾಲದೆ ತೆಗೆದುಹಾಕಿದ. ಬೀದಿಗೆ ಗೊತ್ತಿದ್ದದ್ದು ಒಂದೇ ಕ್ಷಯ, ಕೆಮ್ಮಿನ ಜೊತೆ ಬರುವಂಥದ್ದು.

ಎಂಟು ಗಂಟೆಗೆ ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ತರು ಮೆಟ್ಟಿಲಿಳಿದರು. ಮೂವತ್ತನಾಲ್ಕು ವರ್ಷ ಊರಿನ ಕಾರ್ಡುಗಳನ್ನೆಲ್ಲ ಓದಿದ ಕಣ್ಣು. ಬರೆದದ್ದೇನೇ ಕಂಡರೂ ಅದು ತಮ್ಮ ಹೊಣೆ ಎಂದು ಭಾವಿಸುವವರು. ನೋಟೀಸನ್ನು ಒಮ್ಮೆ ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು, ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲು ಬಡಿಯದೆ ಕೂಗಿದರು.

"ಡೆಮಾನ್‌ಸ್ಟ್ರೇಟರೇ! ಇದು ನಿಜಾನಾ?"

ದಶಾಂಶ ಮಂಚದ ಕೆಳಗೆ ತೂರಿ ನೆಲದ ಬಿರುಕಿನ ಉದ್ದ ಅಳೆಯುತ್ತಿದ್ದ. ಮೂಗಿಗೆ ಧೂಳು ಹತ್ತಿತ್ತು. "ನಿಜ ಮಾಸ್ತರೇ!" ಎಂದು ಕೂಗಿದ. ಆಮೇಲೆ ಬಂದ ಕೆಮ್ಮು ಒಂದು ಪಾಯಿಂಟ್ ಐದು ನಿಮಿಷ ನಿಲ್ಲಲಿಲ್ಲ.

"ಅಯ್ಯೋ... ಯಾವಾಗ ಗೊತ್ತಾಯ್ತು?"

"ಗೊತ್ತಾಗಿಲ್ಲ ಇನ್ನೂ! ಸಂಜೆ ಏಳಕ್ಕೆ ಗೊತ್ತಾಗುತ್ತೆ! ಬಾಗಿಲು ಮಾತ್ರ ಮುಟ್ಟಬೇಡಿ!"

"ಮುಟ್ಟಲ್ಲ, ಮುಟ್ಟಲ್ಲ. ಯಜಮಾನತಿ?"

"ಇವಳು ಒಳಗೇ ಇದಾಳೆ! ಇವಳೂ ಅದೇ ಗಾಳಿ ಕುಡೀತಾ ಇದಾಳೆ!"

ಮಾಸ್ತರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಮೊದಲು ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಆಮೇಲೆ ದಶಾಂಶನ ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ. ಫೋನಿನಲ್ಲೂ ಅವರದು ಹಳೆಯ ಟೆಲಿಗ್ರಾಂ ತಂತಿಯ ಭಾಷೆಯೇ, ಪದಕ್ಕಿಷ್ಟು ಎಂಬ ಲೆಕ್ಕ ಇನ್ನೂ ನಾಲಿಗೆ ಬಿಟ್ಟಿರಲಿಲ್ಲ. "ಕ್ಷಯ. ಅರ್ಧಾಯುಷ್ಯ. ಉಳಿದದ್ದು ಮೂರು ದಿನ ಇಪ್ಪತ್ತು ಗಂಟೆ. ಕೂಡಲೇ ಹೊರಡಿ." ಆ ಕಡೆಯಿಂದ ಹತ್ತು ಪ್ರಶ್ನೆ ಬಂದವು. ತಂತಿಯಲ್ಲಿ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ಇಲ್ಲದ್ದರಿಂದ ಫೋನ್ ಇಟ್ಟುಬಿಟ್ಟರು.

ಸಂಜೆ ನಾಲ್ಕಕ್ಕೆ, ಇನ್ನು ಮೂರೇ ಗಂಟೆ ಉಳಿದಿರುವಾಗ, ಆರೋಗ್ಯ ನಿರೀಕ್ಷಕರು ಬಂದರು. ಮೂಗು ಬಾಯಿಗೆ ಮುಖಗವಸು, ಕಂಕುಳಲ್ಲಿ ಉದ್ದನೆಯ ರಿಜಿಸ್ಟರು. ಸರ್ಕಾರಿ ಕೈಯಿಂದ ಬಾಗಿಲು ಬಡಿಯುವ ಸದ್ದೇ ಬೇರೆ. ದಶಾಂಶ ತಡೆಯಲಾರದೆ ಒಂದಿಂಚು ತೆರೆದ. ನಿರೀಕ್ಷಕರು ಆ ಒಂದಿಂಚಿನಲ್ಲೇ ಇಡಿಯಾಗಿ ಒಳಗೆ ಬಂದರು.

"ಕಿಟಕಿ ಯಾಕ್ರೀ ಮುಚ್ಚಿದೀರಿ? ಈ ಕಾಯಿಲೆಗೆ ಮೊದಲನೇ ಮದ್ದೇ ಗಾಳಿ!" ಎಂದು ಒಂದೊಂದಾಗಿ ಆರು ಕಿಟಕಿಗಳನ್ನೂ ತೆಗೆದರು. ಒಂಬತ್ತು ಗಂಟೆ ಕಾದು ಕೂಡಿಟ್ಟ ರೇಡಾನು ಅವನ ಕಣ್ಣೆದುರೇ ಬೀದಿಗೆ ಹೋಯಿತು. ಕಾಣಲಿಲ್ಲ ಎಂಬುದೊಂದೇ ಸಮಾಧಾನ.

"ಸ್ವಾಮಿ, ಕ್ಷಯ ನನಗಲ್ಲ. ಗಾಳಿಗೆ."

"ಗಾಳಿಯಿಂದಲೇ ಬರೋದು. ಎಷ್ಟು ದಿನದಿಂದ ಇದೆ?"

"ಭೂಮಿ ಹುಟ್ಟಿದಾಗಿನಿಂದ."

ನಿರೀಕ್ಷಕರು "ಹಳೆಯ ಪ್ರಕರಣ" ಎಂದು ಬರೆದುಕೊಂಡರು. "ಎಲ್ಲಿಂದ ತಗಲ್ತು?"

"ನೆಲದಡಿಯಿಂದ. ಧೂಳಿಗೆ ಅಂಟಿ ಶ್ವಾಸಕೋಶಕ್ಕೆ ಇಳಿಯುತ್ತೆ."

"ಅಷ್ಟು ಗೊತ್ತಿದ್ದೂ ಇಷ್ಟು ದಿನ ಸುಮ್ನಿದ್ರಾ? ಮನೇಲಿ ಇನ್ನು ಯಾರಿಗಿದೆ?"

"ಎಲ್ಲರ ಮನೇಲೂ ಇದೆ. ನಿಮ್ಮನೇಲೂ ಖಂಡಿತ ಇರುತ್ತೆ."

ನಿರೀಕ್ಷಕರ ಪೆನ್ನು ನಿಂತಿತು. ಮುಖಗವಸನ್ನು ಕಣ್ಣಿನವರೆಗೆ ಎಳೆದುಕೊಂಡರು. "ಹೆಸರು ಹೇಳಿ, ಪೂರ್ತಿ."

ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಹೆಸರು ಕೇಳಿದ ಕೂಡಲೇ ದಶಾಂಶನ ಬೆನ್ನು ನೆಟ್ಟಗಾಯಿತು. ಅಕ್ಷರ ಅಕ್ಷರ ಬಿಡಿಸಿ ಹೇಳಿದ, ಎರಡು ಇನಿಶಿಯಲ್‌ಗಳ ನಡುವೆ ಚುಕ್ಕೆ ಇದೆ ಎಂದು ಬೆರಳಿಟ್ಟು ತೋರಿಸಿದ. "ಇದು... ಅಚ್ಚಾಗುತ್ತಾ ಸ್ವಾಮಿ?"

"ವಾರಕ್ಕೊಂದು ಪಟ್ಟಿ ಅಚ್ಚಾಗುತ್ತೆ."

ಅರ್ಧ ನಿಮಿಷ, ಸರಿಯಾಗಿ ಹೇಳಬೇಕೆಂದರೆ ಸೊನ್ನೆ ಪಾಯಿಂಟ್ ಆರು ನಿಮಿಷ, ಅವನು ಆ ರೋಗವನ್ನು ಒಪ್ಪಿಕೊಂಡುಬಿಡುವುದೇ ವಾಸಿಯೇನೋ ಎಂದು ಲೆಕ್ಕ ಹಾಕಿದ. ಹೆಂಡತಿ ಹಿಂದಿನಿಂದ, "ಪಟ್ಟಿಯಲ್ಲಿ ಬಂದ್ರೆ ಕಾಲೇಜಿಗೂ ಒಂದು ಪ್ರತಿ ಕಳಿಸ್ತಾರಾ?" ಎಂದು ಕೇಳಿದಳು. ಲೆಕ್ಕ ನಿಂತಿತು.

ನಿರೀಕ್ಷಕರು ಮುಚ್ಚಳವಿದ್ದ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. "ಬೆಳಗಿನ ಕಫವೇ ಬೇಕು. ನಾಳೆ ಆರೂವರೆಗೆ ಬಂದು ತಗೊಂಡು ಹೋಗ್ತೀನಿ. ನಮ್ಮ ಇಲಾಖೆಗೆ ಭಾನುವಾರ ಇಲ್ಲ."

ಅವರು ಹೋದಮೇಲೆ ಆರು ಗಂಟೆಗೆ ಎಲ್ಲವನ್ನೂ ಮತ್ತೆ ಮುಚ್ಚಿದ. ನೋಟೀಸು ತೆಗೆದುಬಿಡು ಎಂದಳು ಹೆಂಡತಿ. "ತೆಗೆದ್ರೆ ಸೋತ ಹಾಗೆ. ಇನ್ನೊಂದು ಸಾಲು ಸೇರಿಸ್ತೀನಿ" ಎಂದು ಕೆಳಗೆ ಬರೆದ: "ರೋಗವಲ್ಲ. ಕ್ಷಯ ಮಾತ್ರ."

ಭಾನುವಾರ ಬೆಳಿಗ್ಗೆ ಆರಕ್ಕೆ ಹನ್ನೆರಡು ಗಂಟೆ ತುಂಬಬೇಕಿತ್ತು. ಐದು ನಲವತ್ತಕ್ಕೆ, ಪಂಪಿಗೆ ಫಿಲ್ಟರ್ ಕಾಗದ ಕೂರಿಸಿ ಅವನು ಗಡಿಯಾರ ನೋಡುತ್ತಾ ನಿಂತಿರುವಾಗ, ಮೊದಲ ಬಸ್ಸಿನಲ್ಲಿ ಭಾವ ಬಂದ. ಭಾವನ ಹೆಂಡತಿ ಬಂದಳು. ದಶಾಂಶನ ಸೋದರತ್ತೆ ಬಂದಳು, ಆಕೆಯ ಜೊತೆಗೆ ಮಗಳು, ಅಳಿಯ. ಭಾವ ಬಾಗಿಲು ಬಡಿಯಲಿಲ್ಲ. ಭುಜ ಕೊಟ್ಟು ನೂಕಿದ. ಚಿಲಕ ಹಳೆಯದು, ಕಿತ್ತು ಬಂತು.

"ಯಾಕೋ ಹೇಳ್ಲಿಲ್ಲ!" ಎಂದು ಸೋದರತ್ತೆ ಅವನನ್ನು ತಬ್ಬಿಕೊಂಡಳು. "ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವನು, ನನಗಿಂತ ಮೊದಲು ಹೋಗ್ತೀಯಾ? ಹಿರಿಯರು ಅಂದ್ರೆ ಮರ್ಯಾದೆ ಬೇಡ್ವಾ?"

"ನಾನೆಲ್ಲೂ ಹೋಗ್ತಾ ಇಲ್ಲ ಅತ್ತೆ."

"ಬಾಗಿಲ ಮೇಲೇ ಬರ್ದಿದೀಯಲ್ಲೋ, ಅರ್ಧಾಯುಷ್ಯ ಅಂತ!"

"ಅದು ರೇಡಾನ್‌ದು!"

ಸೋದರತ್ತೆ ಕಣ್ಣೊರೆಸಿಕೊಂಡು ಅವನನ್ನು ದೂರ ಹಿಡಿದು ನೋಡಿದಳು. ದುಃಖದಷ್ಟೇ ದೊಡ್ಡದಾದ ಇನ್ನೊಂದು ಸಂಶಯ ದಾರಿಯುದ್ದಕ್ಕೂ ಆಕೆಯನ್ನು ಕೊರೆದಿತ್ತು, ಯಾಕೆಂದರೆ ಮಾಸ್ತರು ಆಮೇಲೆ ಆಕೆಗೂ ಫೋನ್ ಮಾಡಿ ನೋಟೀಸನ್ನು ಪೂರ್ತಿ ಓದಿ ಹೇಳಿದ್ದರು. ದಶಾಂಶನಿಗೆ ಮಕ್ಕಳಿರಲಿಲ್ಲ.

"ಅಲ್ವೋ," ಎಂದಳು ದನಿ ತಗ್ಗಿಸಿ, ಮನೆಯವರೆಲ್ಲರಿಗೂ ಕೇಳುವ ಹಾಗೆ, "ಸಂತತಿ ಅಂತ ಬರ್ದಿದೀಯಲ್ಲ. ಯಾವ ಸಂತತಿ? ಎಷ್ಟು?"

"ನಾಲ್ಕು," ಎಂದ ದಶಾಂಶ. ಪಾಠ ಹೇಳುವ ಚಟ ಅಂಥದ್ದು.

ಭಾವ ಅಂಗಿಯ ತೋಳು ಮಡಿಸತೊಡಗಿದ. "ನಾಲ್ಕಾ?"

"ನಾಲ್ಕು. ಮೊದಲನೇದು ಮೂರು ನಿಮಿಷ ಇರುತ್ತೆ. ಎರಡನೇದು ಇಪ್ಪತ್ತೇಳು. ಮೂರನೇದು ಇಪ್ಪತ್ತು. ನಾಲ್ಕನೇದು ಹುಟ್ಟಿದ್ದೇ ಗೊತ್ತಾಗಲ್ಲ."

"ಅಯ್ಯೋ ಕಂದಮ್ಮಗಳೇ!" ಎಂದು ಭಾವನ ಹೆಂಡತಿ ಕುರ್ಚಿಯಲ್ಲಿ ಕುಸಿದಳು.

"ತಾಯಿ ಯಾರೋ?" ಎಂದಳು ಸೋದರತ್ತೆ.

"ತಾಯಿ, ತಂದೆ ಎಲ್ಲಾ ರೇಡಾನೇ ಅತ್ತೆ."

"ಎಲ್ಲಿಯವಳು?"

"ಹಿಂದಿನ ಕೋಣೆಯ ನೆಲದಡಿಯಿಂದ ಬರ್ತಾಳೆ... ಬರುತ್ತೆ! ಬರುತ್ತೆ!"

ಇಷ್ಟರಲ್ಲಿ ಆರೂವರೆಯಾಗಿ ನಿರೀಕ್ಷಕರು ಡಬ್ಬಿಗೆ ಬಂದರು. ಗದ್ದಲ ಕೇಳಿ ಪೋಸ್ಟ್‌ಮಾಸ್ತರೂ ಇಳಿದುಬಂದರು. "ರೋಗಿಯ ಸುತ್ತ ಇಷ್ಟು ಜನಾನಾ?" ಎಂದರು ನಿರೀಕ್ಷಕರು. "ರೋಗಿ ಆಮೇಲೆ, ಮೊದಲು ನಾಲ್ಕರ ವಿಚಾರ ಇತ್ಯರ್ಥ ಆಗಲಿ" ಎಂದ ಭಾವ. "ನಾನು ಪದ ಬಿಟ್ಟಿಲ್ಲ, ಇದ್ದದ್ದು ಇದ್ದ ಹಾಗೆ ರವಾನಿಸಿದೀನಿ" ಎಂದರು ಮಾಸ್ತರು. ದಶಾಂಶ ಯಂತ್ರದ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಬೆಳಗಿನ ಗಾಳಿ ಮನೆತುಂಬ ಆಡುತ್ತಿತ್ತು. "ಇಪ್ಪತ್ತೊಂಬತ್ತು ಪಾಯಿಂಟ್ ಸೊನ್ನೆ," ಎಂದ ಯಾರಿಗೂ ಅಲ್ಲದ ಹಾಗೆ. "ಪದಕೋಶ ನೋಡೋ ಬದಲು ಪದ ನುಂಗಿಕೊಂಡಿದ್ರೆ ಸಾಕಿತ್ತು."

ಆಗ ಹೆಂಡತಿ ಹೊಲಿಗೆಯ ಕತ್ತರಿ ಹಿಡಿದೇ ಹಿಂದಿನ ಕೋಣೆಯಿಂದ ಬಂದಳು.

"ಎಲ್ಲರೂ ಕೇಳಿ. ಇವರಿಗೆ ಕೆಮ್ಮಿಲ್ಲ, ಜ್ವರ ಇಲ್ಲ, ಬೇರೆ ಸಂಸಾರ ಇಲ್ಲ. ಒಂದನ್ನೇ ನಡೆಸೋಕೆ ಬರಲ್ಲ, ಇನ್ನೊಂದು ಎಲ್ಲಿಂದ ತರ್ತಾರೆ? ಇವರ ಹೆಸರು ಒಂದು ವರದಿಯಲ್ಲಿ ಅಚ್ಚಾಗಬೇಕು. ಇಪ್ಪತ್ತಾರು ವರ್ಷದಿಂದ ಅದೊಂದೇ ರೋಗ. ಅದಕ್ಕೆ ಈ ಮನೆ ಹನ್ನೆರಡು ಗಂಟೆ ಮುಚ್ಚಿರಬೇಕು. ನೀವು ಎರಡು ಸಲ ತೆಗೆಸಿದ್ರಿ. ಯಂತ್ರ ನಾಳೆ ಹೋಗುತ್ತೆ. ಹೊರಗೆ ಹೋಗೋರು ಈಗಲೇ ಹೋಗಿ, ಇರೋರು ಸಂಜೆ ಏಳರವರೆಗೆ ಅಲ್ಲಾಡಬೇಡಿ."

ಮೊದಲು ಕರಗಿದವರು ಪೋಸ್ಟ್‌ಮಾಸ್ತರು. "ಇಪ್ಪತ್ತಾರು ವರ್ಷ ಒಂದೂ ಕಾಗದ ಬರದ ವಿಳಾಸ," ಎಂದರು. "ನಾನು ಇರ್ತೀನಿ." ಸೋದರತ್ತೆ ಮುರಿದ ಚಿಲಕದ ಬಾಗಿಲಿಗೆ ಬೆನ್ನುಕೊಟ್ಟು ನೆಲದ ಮೇಲೆ ಕೂತಳು. ಆಕೆಯ ತೂಕಕ್ಕೆ ಯಾವ ಚಿಲಕವೂ ಸಮನಲ್ಲ. ನಿರೀಕ್ಷಕರು ಸ್ವಲ್ಪ ಯೋಚಿಸಿ, "ಸಂಪರ್ಕಕ್ಕೆ ಬಂದವರನ್ನ ನಿಗಾದಲ್ಲಿ ಇಡೋದೂ ನನ್ನ ಕೆಲಸವೇ" ಎಂದು ಮೂಲೆಯ ಸ್ಟೂಲು ಹಿಡಿದರು. ಯಾರೂ ಹೊರಗೆ ಹೋಗಲಿಲ್ಲ. ಏಳು ಗಂಟೆಗೆ ಮನೆ ಮತ್ತೆ ಮುಚ್ಚಿತು.

ಆ ಹನ್ನೆರಡು ಗಂಟೆಯನ್ನು ವರ್ಣಿಸಿದರೆ ಓದುವವರಿಗೂ ಬೆವರು ಬರುತ್ತದೆ. ಫ್ಯಾನ್ ಇಲ್ಲ, ಒಲೆ ಇಲ್ಲ. ಒಂಬತ್ತು ಜನಕ್ಕೆ ಎರಡು ಪೌಂಡು ಬ್ರೆಡ್ಡು, ಒಂದು ಗೊನೆಯಲ್ಲಿ ಉಳಿದಿದ್ದ ಹನ್ನೊಂದು ಬಾಳೆಹಣ್ಣು. ದಶಾಂಶ ಒಬ್ಬೊಬ್ಬರಿಗೆ ಒಂದು ಪಾಯಿಂಟ್ ಎರಡು ಎಂದು ಭಾಗಿಸಿದ, ಉಳಿದ ಚೂರನ್ನು "ಅಳತೆಯ ದೋಷ" ಎಂದು ತಾನೇ ತಿಂದ. ಭಾವ ಸಿಗರೇಟಿಗಾಗಿ ನಾಲ್ಕು ಸಲ ಬಾಗಿಲವರೆಗೆ ಹೋಗಿ ನಾಲ್ಕು ಸಲವೂ ಸೋದರತ್ತೆಯ ಮುಖ ನೋಡಿ ವಾಪಸ್ಸು ಬಂದ. ಆಕೆಯ ಅಳಿಯ ಸೀನಲು ಹೋದಾಗ ಒಂಬತ್ತು ಜನರಲ್ಲಿ ಎಂಟು ಜನ "ಗಾಳಿ ಆಡುತ್ತೆ!" ಎಂದು ಏಕಕಾಲಕ್ಕೆ ಕೂಗಿದರು. ಆ ಕೂಗಿಗೆ ಆಡಿದ ಗಾಳಿ ಸೀನಿಗಿಂತ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಮಾಸ್ತರಿಗೆ ರೇಡಾನಿನ ನಾಲ್ಕು ಸಂತತಿಯ ವಯಸ್ಸು ಬಾಯಿಪಾಠವಾಗಿತ್ತು. ಸೋದರತ್ತೆ ಮಾತ್ರ, "ಆ ನಾಲ್ಕನೇದಕ್ಕೆ ಒಂದು ಹೆಸರಾದ್ರೂ ಇಡಬಾರದಿತ್ತಾ" ಎಂದು ಕೊರಗುತ್ತಲೇ ಇದ್ದಳು.

ಸಂಜೆ ಏಳಾಯಿತು. ಪಂಪು ಗುರ್ರೆಂದಿತು. ಐದು ನಿಮಿಷ ಅದು ಗಾಳಿ ಎಳೆಯಿತು, ಒಂಬತ್ತು ಜನ ಉಸಿರು ಬಿಡಲಿಲ್ಲ. ಫಿಲ್ಟರ್ ಕಾಗದವನ್ನು ಚಿಮಟದಲ್ಲಿ ಎತ್ತಿ ಪೆಟ್ಟಿಗೆಯೊಳಗೆ ಇಟ್ಟ. ಅಂಕಿಗಳು ಓಡತೊಡಗಿದವು. ಅರ್ಧ ಗಂಟೆಯ ಮೇಲೆ ಕಾಗದ ಪೆನ್ನು ಹಿಡಿದು ಕೂಡಿಸಿ, ಭಾಗಿಸಿ, ತಲೆಯೆತ್ತಿದ.

"ನೂರ ಮೂವತ್ತಾರು ಪಾಯಿಂಟ್ ನಾಲ್ಕು."

"ಪಾಸಾ, ಫೇಲಾ?" ಎಂದ ಭಾವ.

"ಇರಬೇಕಾದ್ದಕ್ಕಿಂತ ಜಾಸ್ತಿ. ಮೂವತ್ತು ಮನೆಗಳಲ್ಲಿ ಇದೇ ಹೆಚ್ಚು."

"ಅಂದ್ರೆ ಫಸ್ಟ್ ಬಂದ್ಯಾ!" ಎಂದು ಸೋದರತ್ತೆ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಅಷ್ಟರಲ್ಲಿ ಹೆಂಡತಿ, ಯಾರನ್ನೂ ಕೇಳದೆ, ಹಿಂದಿನ ಕೋಣೆಯ ಎರಡು ಕಿಟಕಿಗಳನ್ನೂ ಗೋಡೆಗೆ ಬಡಿಯುವಷ್ಟು ಜೋರಾಗಿ ತೆಗೆದಿದ್ದಳು.

ಸೋಮವಾರ ಮುಖ್ಯಸ್ಥರು ಹಾಳೆ ನೋಡಿದರು. "ಮನೆಯಲ್ಲಿದ್ದವರು: ಒಂಬತ್ತು. ಬೇರೆ ಮನೆಗಳಲ್ಲೆಲ್ಲ ಎರಡು, ಮೂರು. ಇದೇನಪ್ಪ?"

"ಕಾರಣ ಪಕ್ಕದಲ್ಲೇ ಬರ್ದಿದೀನಿ ಸರ್."

"‘ರೋಗಿಯನ್ನು ನೋಡಲು ಬಂದವರು’. ರೋಗಿ ಯಾರು?"

"ನಾನೇ ಸರ್."

ಮುಖ್ಯಸ್ಥರು ಅವನನ್ನು ಮೇಲಿಂದ ಕೆಳಗೆ ನೋಡಿ, ಇನ್ನೇನೂ ಕೇಳದೆ ಸಹಿ ಹಾಕಿದರು. ಕೇಳಿದರೆ ಉತ್ತರ ಬರುತ್ತದೆ ಎಂಬ ಅನುಭವ ಅವರಿಗಿತ್ತು.

ಮೂರು ತಿಂಗಳ ಮೇಲೆ ವರದಿ ಬಂತು, ನಲವತ್ತೆರಡು ಪುಟ. ಮೊದಲ ಪುಟದಲ್ಲಿ ಮುಖ್ಯಸ್ಥರ ಹೆಸರು, ಅದರ ಕೆಳಗೆ ಅವನದು. ಇನಿಶಿಯಲ್‌ಗಳ ನಡುವೆ ಚುಕ್ಕೆ ಕೂಡ ಇತ್ತು. ದಶಾಂಶ ಅಂದು ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದ. ಹೆಂಡತಿ ಕಿಟಕಿಯ ಪಕ್ಕ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಅವಳ ಮಡಿಲಲ್ಲಿ ವರದಿ ಇಟ್ಟು, ಹೆಸರಿನ ಮೇಲೆ ಬೆರಳಿಟ್ಟ. ಅವಳು ಎರಡು ಸಲ ಓದಿದಳು. ಬೆರಳನ್ನು ಸೀರೆಗೆ ಒರೆಸಿಕೊಂಡು ಆ ಅಕ್ಷರಗಳನ್ನು ಮುಟ್ಟಿ ನೋಡಿದಳು.

"ಚೆನ್ನಾಗಿದೆ. ಒಟ್ಟು ಏನು ಹೇಳಿದೀರಿ ಇದರಲ್ಲಿ?"

ಅವನು ಕೊನೆಯ ಪುಟ ತೆಗೆದು, ಗಂಟಲು ಸರಿಮಾಡಿಕೊಂಡು ಓದಿದ: "ಶಿಫಾರಸು. ಮನೆಯ ಕಿಟಕಿಗಳನ್ನು ತೆರೆದಿಡುವುದು ಒಳ್ಳೆಯದು."

ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಇದನ್ನ ನಾನು ಆ ಶುಕ್ರವಾರ ಸಂಜೆನೇ ಹೇಳಿದ್ದೆ. ನನ್ನ ಹೆಸರು ಎಲ್ಲಿ?"

ಇಪ್ಪತ್ತಾರು ವರ್ಷ ದಶಾಂಶ ಬಾಯಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆಯೂ ಇದೇ. ಜೇಬಿನಿಂದ ಪೆನ್ನು ತೆಗೆದು ಅವಳ ಕೈಗೆ ಕೊಟ್ಟ.

ಆ ವರದಿಯ ಎಲ್ಲ ಪ್ರತಿಗಳಲ್ಲೂ ಲೇಖಕರು ಇಬ್ಬರು. ಹೊಲಿಗೆ ಯಂತ್ರದ ಪಕ್ಕದ ಕಪಾಟಿನಲ್ಲಿರುವ ಪ್ರತಿಯಲ್ಲಿ ಮಾತ್ರ ಮೂವರು. ಮೂರನೆಯ ಹೆಸರು ನೀಲಿ ಶಾಯಿಯಲ್ಲಿದೆ, ಮೊದಲಿನ ಎರಡಕ್ಕಿಂತ ಸ್ವಲ್ಪ ದೊಡ್ಡದಾಗಿದೆ. ಎಷ್ಟು ದೊಡ್ಡದು ಎಂದು ಕೇಳಿದರೆ ದಶಾಂಶ, "ಸುಮಾರಾಗಿ" ಎನ್ನುತ್ತಾನೆ.